ನೀರು ಕೇಳುವ ಸಳಿ

ಅಂಬಡ್, ನಾಶಿಕ್
11 ಆಗಸ್ಟ್ 2024

ಪೂಜ್ಯ ರೂಪಾ ಮಾಮಿಯವರಿಗೆ ಭುವನೇಶ್ವರಿಯ ಶರಣು.

ಮೊದಲೇ ಹೇಳಿಬಿಡುತ್ತೇನೆ ಮಾಮಿ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ತಪ್ಪುಗಳೂ ಬಹಳ ಇರುತ್ತವೆ, ಸಿಟ್ಟಾಗಬೇಡಿರಿ. ಭಾಲ್ಕಿ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತದ್ದೇ ನನ್ನ ಕನ್ನಡ. ತಿಳಿಯದ ಕಡೆ ಬಿಟ್ಟು ಮುಂದೆ ಓದಿರಿ. ಮೊಮ್ಮಗಳ ಪತ್ರವನ್ನು ಮುತ್ಯಾ ಹಾಗೇ ಓದುತ್ತಿದ್ದ.

ನಿಮಗೆ ಪತ್ರ ಬರೆಯುವುದು ಇದೇ ಮೊದಲು. ಫೋನಿನಲ್ಲಿ ನೀವು ‘ಊಟ ಆಯ್ತೇನು’ ಅನ್ನುತ್ತೀರಿ, ನಾನು ‘ಆಯ್ತ್ರಿ’ ಅನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ವಯಸ್ಸಾದ ಮೇಲೆ ಮುತ್ಯಾನ ಕಿವಿಗೆ ಫೋನು ಕೇಳುತ್ತಿರಲಿಲ್ಲ, ಅದಕ್ಕೇ ಅವನಿಗೆ ಪತ್ರ ಬರೆಯುವ ರೂಢಿಯಾಯಿತು. ಈಗ ಅವನಿಲ್ಲ, ಆದರೆ ರವಿವಾರ ಬಂದರೆ ಕೈ ತಾನೇ ಕಾಗದ ಹುಡುಕುತ್ತದೆ. ಬೇರೆ ಯಾರಿಗೆ ಬರೆಯಲಿ?

ಅವನು ತೀರಿಕೊಂಡ ದಿನದ ಮಾತು ನಿಮ್ಮ ಮುಂದೆ ಆಡಲಾಗಲಿಲ್ಲ. ನಮ್ಮ ಕಂಪನಿಯಲ್ಲಿ ಫೋನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ಊಟದ ಬಿಡುವಿನಲ್ಲಿ ನೋಡಿದಾಗ ನಿಮ್ಮ ಫೋನು ಬಂದು ಬಹಳ ಹೊತ್ತಾಗಿತ್ತು. ಹಾಗೇ ಸ್ಟ್ಯಾಂಡಿಗೆ ಓಡಿದೆ. ವೈಜಾಪುರದಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಅವನು ಬಶಿಯಲ್ಲಿ ಸುರುವಿಕೊಂಡು ಊದಿ ಊದಿ ಕುಡಿಯುವುದನ್ನು ಕಿಡಕಿಯಿಂದ ನೋಡುತ್ತ ಕುಳಿತಿದ್ದೆ. ಬೇಗ ನಡೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ನಾನು ಬರುವಷ್ಟರಲ್ಲಿ ಮುತ್ಯಾನನ್ನು ಕೂಡಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿ, ಮಣ್ಣು ಮುಚ್ಚಿ ಆಗಿತ್ತು. ಹೊತ್ತು ಮುಳುಗುವುದರೊಳಗೆ ಮಾಡಬೇಕು ಅಂತ ಹಿರಿಯರು ಅಂದರಂತೆ. ನಾನು ಹಸಿ ಮಣ್ಣಿನ ಮೇಲೆ ಪತ್ರಿ ಇಟ್ಟು ಬಂದೆ. ಮುಖ ನೋಡಲಿಲ್ಲ.

ಒಂದು ಬೇಡಿಕೆ ಇದೆ ಮಾಮಿ. ಬಾಗಿಲ ಹಿಂದೆ ಇರುವ ಮುತ್ಯಾನ ಆ ಉದ್ದ ಸರಳು, ಕಬ್ಬಿಣದ ಸಳಿ, ನನಗೆ ಕೊಡಿರಿ. ಓಣಿಗಳಿಗೆ ನೀರು ಬಿಡಲು ವಾಲ್ವ್ ತಿರುಗಿಸುವ ದೊಡ್ಡ ಚಾವಿಯನ್ನು ಅವನು ನೌಕರಿ ಮುಗಿದ ದಿನವೇ ನೀರಿನ ಆಫೀಸಿಗೆ ಒಪ್ಪಿಸಿದ. ಸಳಿ ಮಾತ್ರ ಅವನ ಸ್ವಂತದ್ದು, ಲೋಹಾರನ ಕಡೆ ಬಡಿಸಿಕೊಂಡದ್ದು. ಒಂದು ತುದಿ ಪೈಪಿಗೆ ಹಚ್ಚಿ, ಇನ್ನೊಂದು ತುದಿ ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದರೆ ಅವನಿಗೆ ನೀರು ಬರುವುದು ಕೇಳುತ್ತಿತ್ತು. ನಮ್ಮ ಮಾತು ಕೇಳದ ಕಿವಿಗೆ ಅದೊಂದು ಕೇಳುತ್ತಿತ್ತು. ಎಸ್‌ಟಿ ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿದರೆ ನಾನು ಸ್ಟ್ಯಾಂಡಿನಲ್ಲಿ ಬಿಡಿಸಿಕೊಳ್ಳುತ್ತೇನೆ. ಬೇರೆ ಏನೂ ಬೇಡ.

ನಿಮ್ಮ
ಭುವನಾ

*

ಛತ್ರಪತಿ ಸಂಭಾಜಿನಗರ
2 ಸೆಪ್ಟೆಂಬರ್ 2024

ಚಿ. ಭುವನಾಗೆ ರೂಪಾ ಮಾಮಿಯ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಅಕ್ಷರ ಚೆನ್ನಾಗಿಯೇ ಇದೆ, ಎಲ್ಲ ಓದಲು ಬಂತು. ನಾವು ಆರಾಮ ಇದ್ದೇವೆ. ನಿನ್ನ ಶಶಿಕಾಂತ ಮಾಮಾ ಆರಾಮ ಇದ್ದಾರೆ. ಮನೆ ತುಂಬ ಕೆಲಸ, ಅದಕ್ಕೆ ಉತ್ತರ ತಡವಾಯಿತು.

ಸಳಿ ಅಟ್ಟದ ಮೇಲೆ ಎಲ್ಲೋ ಇರಬೇಕು, ನೋಡಬೇಕು.

ನೀನು ಮಾವನವರ ಬಗ್ಗೆ ಬರೆದದ್ದು ಓದಿ ನನಗೂ ಒಂದು ನೆನಪಾಯಿತು. ನಾನು ಕಲಬುರಗಿಯಿಂದ ಮದುವೆಯಾಗಿ ಬಂದ ಹೊಸತು. ಇಲ್ಲಿ ನೀರು ದಿನಾ ಬರುವುದಿಲ್ಲ ಅನ್ನುವುದೇ ಗೊತ್ತಿರಲಿಲ್ಲ. ಆದರೂ ಏನು ಚಿಂತೆ, ನೀರು ಬಿಡುವವರೇ ನಮ್ಮ ಮಾವನವರು ಅಂದುಕೊಂಡಿದ್ದೆ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಹುಡುಗಿಯ ಮದುವೆ ಇತ್ತು. ಅವರು ಬಂದು, ಇವತ್ತು ವಾಲ್ವ್ ಸ್ವಲ್ಪ ಹೊತ್ತು ಹೆಚ್ಚಿಗೆ ಬಿಡಿರಿ ಕಾಕಾ ಅಂತ ಕೈ ಮುಗಿದರು. ಮಾವನವರು ಆಗುವುದಿಲ್ಲ ಅಂದುಬಿಟ್ಟರು. ಮುಂದಿನ ಓಣಿಯವರೂ ಕೊಡ ಇಟ್ಟುಕೊಂಡು ಕೂತಿರುತ್ತಾರೆ ಅಂದರು. ಆ ಮಂದಿ ಬೈದುಕೊಂಡು ಹೋದರು. ಮಾವನವರು ವೇಳೆಗೆ ಸರಿಯಾಗಿ ವಾಲ್ವ್ ಮುಚ್ಚಿ ಮನೆಗೆ ಬಂದರು. ಬಂದವರೇ, ನಾನು ತುಂಬಿಟ್ಟಿದ್ದ ಡ್ರಮ್ಮಿನಿಂದ ಕೊಡ ಕೊಡ ಎತ್ತಿ ಆ ಮದುವೆ ಮನೆಗೆ ಹೊರಲು ಶುರು ಮಾಡಿದರು. ಅತ್ತೆ ಕಾಶಿಬಾಯಿಯವರು ಹೊಸ್ತಿಲಲ್ಲಿ ನಿಂತು, ‘ಸ್ನಾನಕ್ಕರ ಒಂದ್ ಚರಿಗಿ ಬಿಡ್ರಿ, ಮನ್ಯಾಗ ಹೊಸಾ ಸೊಸಿ ಅದಾಳ’ ಅಂದರು. ಅವರು ಒಂದು ಚರಿಗೆ ಬಿಟ್ಟರು. ಒಂದೇ ಚರಿಗೆ.

ಅಂದು ನನಗೆ ಅಳು ಬಂದಿತ್ತು. ಈಗ ನಗು ಬರುತ್ತದೆ. ಇದನ್ನು ಹೇಳಿ ನಗಲು ಮನೆಯಲ್ಲಿ…

ಇರಲಿ. ಮೈ ಕಡೆ ಲಕ್ಷ್ಯ ಕೊಡು.

ರೂಪಾ ಮಾಮಿ

*

ಅಂಬಡ್, ನಾಶಿಕ್
15 ಸೆಪ್ಟೆಂಬರ್ 2024

ಪೂಜ್ಯ ಮಾಮಿಯವರಿಗೆ ಶರಣು.

ಆ ಚರಿಗೆಯ ಕಥೆ ಮುತ್ಯಾ ನನಗೆ ಹೇಳಿಯೇ ಇರಲಿಲ್ಲ. ಅವನು ತನ್ನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಪೈಪಿನ ಗುಂಡಿ ತೋಡುವ ಕೂಲಿಗೆ ಅಂತ ಸಂಭಾಜಿನಗರಕ್ಕೆ ಬಂದವನು, ತಾನೇ ಹೂತ ಪೈಪಿಗೆ ನೀರು ಬಿಡುವ ನೌಕರನಾದ ಅನ್ನುವುದು ಕೂಡ ನನಗೆ ಅವನ ಜೊತೆಯವರಿಂದ ತಿಳಿದದ್ದು.

ನನಗೆ ನೆನಪಿರುವುದು ಬೇರೆ. ನನ್ನ ಅವ್ವ ತೀರಿಕೊಂಡ ಮೇಲೆ ಅಪ್ಪ ಇನ್ನೊಂದು ಮದುವೆ ಆದ. ಆಗ ಮುತ್ಯಾ ನನ್ನನ್ನು ಕರೆದುಕೊಂಡು ಹೋಗಲು ಬಂದ. ಸಂಭಾಜಿನಗರದ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಬಸ್ಸಿನ ಮೇಲೆ ಕನ್ನಡ ಅಂತ ಬೋರ್ಡ್ ಇದೆ ಎಂದು ಅವನೇ ಓದಿ ಹೇಳಿದ. ಅದು ಹತ್ತಿರದ ಒಂದು ಊರ ಹೆಸರು ಅಂತ ನನಗೇನು ಗೊತ್ತು. ನಾವು ಅಲ್ಲಿಗೇ ಹೋಗೋಣ ಮುತ್ಯಾ, ಅಲ್ಲಿ ಎಲ್ಲರೂ ನಮ್ಮ ಹಾಗೆ ಮಾತಾಡುತ್ತಾರೆ ಅಂದೆ. ಅವನು ನಗಲಿಲ್ಲ. ಅಲ್ಲಿಯೂ ಮರಾಠಿಯೇ ಮಗಳೇ, ಆದರೆ ನಮ್ಮ ಮನೆಯಲ್ಲಿ ನಿನ್ನ ರೂಪಾ ಮಾಮಿ ಇದ್ದಾಳೆ ಅಂದ.

ಮರಾಠಿ ಶಾಲೆಯಲ್ಲಿ ನಾನು ಬಾಯಿ ತೆರೆಯಲೇ ಇಲ್ಲ. ಬಾಯಿ ಇಲ್ಲದ ಹುಡುಗಿ ಅಂತ ಕರೆದರು. ಶಾಲೆಗೆ ಹೋಗುವುದಿಲ್ಲ ಅಂತ ಹಟ ಮಾಡಿದಾಗ ಮಾಮಾ ಸಿಟ್ಟಾದರು. ಬೆಳಿಗ್ಗೆ ನನ್ನನ್ನು ಎಬ್ಬಿಸುವಾಗ ಮುತ್ಯಾ ಜೋರು ಮಾಡುತ್ತಿರಲಿಲ್ಲ. ನೀವು ಕೂಗಿದರೆ, ‘ಸಾವಕಾಶ, ಆಕಿ ಮಲಗ್ಯಾಳ’ ಅನ್ನುತ್ತಿದ್ದ. ಅವನು ವಾಲ್ವಿಗೂ ಇದೇ ಮಾತು ಹೇಳುತ್ತಿದ್ದನಂತೆ. ಮೊದಲ ಸುತ್ತು ತಿರುಗಿಸುವಾಗ ಅವಸರ ಮಾಡಿದರೆ ನೀರು ಒಮ್ಮೆಲೇ ನುಗ್ಗಿ ಪೈಪು ಒಡೆಯುತ್ತದೆ, ಅದಕ್ಕೆ ಸಾವಕಾಶ. ನನ್ನ ಬಾಯಿಯನ್ನೂ ಅವನು ಹಾಗೇ ತಿಳಿದಿದ್ದ ಅಂತ ಕಾಣುತ್ತದೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಸ್ವಿಚ್ಚಿಗೆ ಸ್ಪ್ರಿಂಗ್ ಕೂಡಿಸುವ ಕೆಲಸ ಕೈಗೆ ಹತ್ತಿದೆ. ನನ್ನ ಖೋಲಿಯ ಗೆಳತಿ ದಾನಮ್ಮ ಆರಾಮ ಇದ್ದಾಳೆ, ಇಬ್ಬರೂ ಸೇರಿ ಅಡಿಗೆ ಮಾಡಿಕೊಳ್ಳುತ್ತೇವೆ, ಹೊತ್ತು ಹೋಗುವುದೇ ತಿಳಿಯುವುದಿಲ್ಲ. ತ್ರಾಸು ಅಂದರೆ ನೀರಿನದೊಂದೇ. ಸಾಲು ಖೋಲಿಗಳ ನಮ್ಮ ಚಾಳಿಗೆಲ್ಲ ಒಂದೇ ನಲ್ಲಿ. ಯಾವಾಗ ಬರುತ್ತದೆ ಅನ್ನುವುದು ಎಲ್ಲರಿಗೂ ಹೇಗೋ ಗೊತ್ತಾಗುತ್ತದೆ, ನನಗೆ ಮಾತ್ರ ಕೊಡ ತುಂಬಿಕೊಂಡವರು ಬಾಗಿಲ ಮುಂದೆ ಹಾದುಹೋದಾಗ ಗೊತ್ತಾಗುತ್ತದೆ. ನಾನು ಹೋಗುವಷ್ಟರಲ್ಲಿ ನಲ್ಲಿ ಸಣ್ಣಗಾಗಿರುತ್ತದೆ.

ಸಳಿ ಅಟ್ಟದ ಮೇಲೆ ಇಲ್ಲ ಮಾಮಿ. ಮೂರನೇ ದಿನದ ಕಾರ್ಯ ಮುಗಿಸಿ ಹೊರಡುವಾಗ ಬಾಗಿಲ ಹಿಂದೆ ನಿಂತದ್ದನ್ನು ನಾನೇ ನೋಡಿದ್ದೆ. ದಯಮಾಡಿ ಕಳಿಸಿರಿ.

ಭುವನಾ

*

ಛತ್ರಪತಿ ಸಂಭಾಜಿನಗರ
20 ಅಕ್ಟೋಬರ್ 2024

ಚಿ. ಭುವನಾಗೆ ಆಶೀರ್ವಾದ.

ಸಳಿ ತುಕ್ಕು ಹಿಡಿದಿದೆ. ಬಾಡಿಗೆ ಖೋಲಿಯಲ್ಲಿ ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಿ, ಗೋಡೆಗೆ ಕಲೆ ಆದರೆ ಮಾಲಕರು ಬೈಯುತ್ತಾರೆ. ನಿನಗೆ ಬೇಕಾದರೆ ಮಾವನವರ ಒಳ್ಳೆಯ ಶಾಲು ಇದೆ, ಕಳಿಸುತ್ತೇನೆ. ಅಥವಾ ಅವರು ಸೈಕಲ್ ಮೇಲೆ ಕೂತ ಫೋಟೋ.

ವರ್ಷ ತುಂಬುವವರೆಗೆ ಹಬ್ಬ ಇಲ್ಲ, ಆದ್ದರಿಂದ ದೀಪಾವಳಿಗೆ ಬಾ ಅನ್ನಲು ನನಗೆ ಬರುವುದಿಲ್ಲ. ನಿನಗೂ ರಜೆ ಸಿಗಲಿಕ್ಕಿಲ್ಲ. ಮಾಮಾ ಗಡಿಬಿಡಿಯಲ್ಲಿದ್ದಾರೆ.

ರೂಪಾ ಮಾಮಿ

*

ಅಂಬಡ್, ನಾಶಿಕ್
27 ಅಕ್ಟೋಬರ್ 2024

ಮಾಮಿಯವರಿಗೆ ಶರಣು.

ನನಗೆ ತಿಳಿಯಿತು. ಮೊದಲು ಅಟ್ಟದ ಮೇಲೆ ಅಂದಿರಿ, ಈಗ ತುಕ್ಕು ಅನ್ನುತ್ತೀರಿ. ಗುಜರಿ ಕೊಳ್ಳುವ ಭಂಗಾರದವನಿಗೆ ಹಾಕಿದ್ದರೆ ಹಾಗೇ ಹೇಳಿಬಿಡಿರಿ. ಅದು ಬಾಗಿಲಿಗೆ ಅಡ್ಡ ಬರುತ್ತದೆ ಅಂತ ನೀವು ಮೊದಲಿನಿಂದಲೂ ಬೇಸರ ಮಾಡಿಕೊಳ್ಳುತ್ತಿದ್ದಿರಿ.

ಬಾ ಅನ್ನಲು ಬರುವುದಿಲ್ಲ ಅಂತ ಬರೆದಿದ್ದೀರಿ. ಹಬ್ಬದ ಊಟಕ್ಕೆ ನಾನು ಬರುತ್ತಿರಲಿಲ್ಲ. ಮುತ್ಯಾ ಕೂಡುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದೆ. ಇರಲಿ. ನಾನು ಮಗಳ ಮಗಳು, ನಿಮ್ಮ ಮನೆಯ ಹೆಸರಿನವಳಲ್ಲ. ನಾಶಿಕ್‌ಗೆ ಹೊರಟ ದಿನ ಮುತ್ಯಾ ಸ್ಟ್ಯಾಂಡಿನವರೆಗೆ ನನ್ನ ಚೀಲ ಹೊತ್ತುಕೊಂಡು ಬಂದ. ನೀವು ಬಾಗಿಲವರೆಗೂ ಬರಲಿಲ್ಲ. ಒಂದು ಭಾರ ಇಳಿಯಿತು ಅಂತ ನಿಮಗೆ ಅನ್ನಿಸಿರಬೇಕು ಎಂದು ನಾನು ಬಸ್ಸಿನಲ್ಲಿ ಅಂದುಕೊಂಡೆ, ಆದರೆ ಮುತ್ಯಾ ಇರುವವರೆಗೆ ಆ ಮಾತು ನನ್ನನ್ನು ಚುಚ್ಚಲಿಲ್ಲ. ಅವನಿದ್ದಾಗ ಆ ಮನೆ ನನ್ನದು ಅಂತಲೇ ಇತ್ತು. ಈಗ ಯಾರನ್ನು ಕೇಳಬೇಕು ಅಂತ ತಿಳಿಯುವುದಿಲ್ಲ.

ಶಾಲು ಬೇಡ. ಸಳಿಯನ್ನು ಇನ್ನು ಕೇಳುವುದಿಲ್ಲ.

ಭುವನೇಶ್ವರಿ

*

ಅಂಬಡ್, ನಾಶಿಕ್
29 ಡಿಸೆಂಬರ್ 2024

ಪೂಜ್ಯ ಮಾಮಿಯವರಿಗೆ ಶರಣು.

ನನ್ನ ಹಿಂದಿನ ಪತ್ರ ಮುಟ್ಟಿತೋ ಇಲ್ಲವೋ. ಮುಟ್ಟಿರದಿದ್ದರೆ ಒಳ್ಳೆಯದು.

ಇಲ್ಲಿ ಚಳಿ ಬಹಳ. ಇಷ್ಟೇ ಬರೆಯುವುದು ಇತ್ತು.

ಭುವನಾ

*

ಛತ್ರಪತಿ ಸಂಭಾಜಿನಗರ
2 ಫೆಬ್ರವರಿ 2025

ಚಿ. ಭುವನಾಗೆ ರೂಪಾ ಮಾಮಿಯ ಆಶೀರ್ವಾದ.

ಎರಡೂ ಪತ್ರ ಮುಟ್ಟಿವೆ. ಉತ್ತರ ಬರೆಯಲು ಕೂತು ಕೂತು ಎದ್ದೆ. ಇವತ್ತು ಮುಗಿಸಿಯೇ ಏಳುತ್ತೇನೆ.

ಸಳಿ ಭಂಗಾರಕ್ಕೆ ಹೋಗಿಲ್ಲ. ತುಕ್ಕೂ ಹಿಡಿದಿಲ್ಲ. ಅದು ನನ್ನ ಕೈಯಲ್ಲಿ ಇದೆ.

ಮಾವನವರು ರಿಟಾಯರ್ ಆದ ಮೇಲೂ ನೀರಿನ ದಿನ ಏನು ಮಾಡುತ್ತಿದ್ದರು ಅನ್ನುವುದು ನಿನಗೆ ಗೊತ್ತಿದೆ. ಮೀಟರಿನ ಹತ್ತಿರ ಮಣೆ ಹಾಕಿಕೊಂಡು, ಪೈಪಿಗೆ ಸಳಿ ಹಚ್ಚಿ ಕೂಡುತ್ತಿದ್ದರು. ದೂರದಿಂದ ನೀರು ಹೊರಟದ್ದು ಅವರಿಗೆ ತಿಳಿಯುತ್ತಿತ್ತು. ಕೈ ಎತ್ತಿದರೆ ಓಣಿಯ ಹೆಣ್ಣುಮಕ್ಕಳೆಲ್ಲ ಒಲೆ ಸಣ್ಣಗೆ ಮಾಡಿ ಕೊಡ ಹಿಡಿದು ನಿಲ್ಲುತ್ತಿದ್ದರು. ಅವರು ಹೋದ ಮೇಲೆ ಮೊದಲನೇ ನೀರಿನ ದಿನ, ಕಾರ್ಯದ ಮಂದಿಯೆಲ್ಲ ಹೊರಟುಹೋಗಿದ್ದರು. ಎದುರು ಮನೆಯ ಈರಮ್ಮ ರೂಢಿಯಂತೆ ಬಂದು, ‘ಮುತ್ಯಾ, ಬಂತೇನ್ರಿ?’ ಅಂತ ಕೂಗಿದಳು. ಕೂಗಿ, ಖಾಲಿ ಮಣೆ ನೋಡಿ, ಅಲ್ಲೇ ನಿಂತಳು. ಅವಳ ಹಿಂದೆ ಇನ್ನಿಬ್ಬರು. ಯಾರಿಗೂ ತಿರುಗಿ ಹೋಗಲು ಆಗಲಿಲ್ಲ. ನನಗೆ ಏನು ತಿಳಿಯಿತೋ, ಒಳಗೆ ಹೋಗಿ ಸಳಿ ತಂದೆ. ಅವರು ಇದ್ದಾಗ ನಾನು ಅದನ್ನು ಕಸಬರಿಗೆಯಿಂದ ಆಚೆ ಸರಿಸಿದ್ದು ಬಿಟ್ಟರೆ ಕೈಯಿಂದ ಮುಟ್ಟಿದವಳಲ್ಲ. ಪೈಪಿಗೆ ಹಚ್ಚಿ, ಸೆರಗು ಸರಿಸಿ, ಕಿವಿಯ ಹಿಂದೆ ಒತ್ತಿಕೊಂಡೆ. ಗುಂಯ್ ಅಂತ ದೊಡ್ಡ ಸದ್ದು ಕೇಳಿತು. ಬಂತು ಬಂತು ಅಂದೆ. ಇಡೀ ಓಣಿ ಕೊಡ ಸಾಲು ಹಚ್ಚಿ ನಿಂತಿತು. ನಿಂತೇ ನಿಂತಿತು. ಹನಿ ನೀರಿಲ್ಲ. ಆಮೇಲೆ ತಿಳಿಯಿತು, ನಾನು ಕೇಳಿದ್ದು ಮೂಲೆಯ ಹಿಟ್ಟಿನ ಗಿರಣಿಯ ಮೋಟರ್ ಸದ್ದು. ಈರಮ್ಮ ಅಂದಳು, ‘ರೂಪಕ್ಕ, ಹಿಟ್ಟು ಬರ್ಲತ್ತದಂತ ಮೊದ್ಲೇ ಅಂದಿದ್ರ ಕೊಡಾ ಬಿಟ್ಟು ಡಬ್ಬಿ ತರ್ತಿದ್ದೆವಲ್ಲ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಮಾವನವರು ತೀರಿದ ಮೇಲೆ ನಕ್ಕದ್ದು ಅದೇ ಮೊದಲು, ನಕ್ಕು ನಕ್ಕು ಅಳು ಬಂತು.

ಈಗ ಗಿರಣಿಯ ಸದ್ದು ಬೇರೆ, ನೀರಿನ ಸದ್ದು ಬೇರೆ ಅಂತ ತಿಳಿಯುತ್ತದೆ. ನೀರು ದೂರ ಇದ್ದಾಗ ಅದು ಸದ್ದೇ ಅಲ್ಲ, ಯಾರೋ ಉಸಿರು ಬಿಟ್ಟ ಹಾಗೆ. ನೀರಿನ ದಿನ ಐದಾರು ಹೆಣ್ಣುಮಕ್ಕಳು ಬಂದು ನನ್ನ ಕಟ್ಟೆಯ ಮೇಲೆ ಕೂಡುತ್ತಾರೆ. ಬರುವವರೆಗೆ ಮಾತು. ಬಂದ ಮೇಲೆ ಎದ್ದು ಹೋಗುತ್ತಾರೆ. ಮುಂದಿನ ನೀರಿನ ದಿನದವರೆಗೆ ಮತ್ತೆ ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ.

ನಿನ್ನ ಮಾಮಾ ಇಲ್ಲಿ ಇಲ್ಲ ಭುವನಾ. ಕಂಪನಿಯವರು ಅವರನ್ನು ಪುಣೆಯ ಗೋದಾಮಿಗೆ ಹಾಕಿದ್ದಾರೆ. ಕಾರ್ಯ ಮುಗಿದ ವಾರವೇ ಹೋದರು. ರಜೆ ಸಿಕ್ಕಾಗ ಬರುತ್ತಾರೆ. ಇದನ್ನು ನಿನಗೆ ಬರೆದರೆ ಗಂಡನ ಮೇಲೆ ದೂರು ಹೇಳಿದ ಹಾಗೆ ಆಗುತ್ತದೆ ಅಂತ ಬರೆಯಲಿಲ್ಲ. ನೀನು ದಾನಮ್ಮನ ಜೊತೆ ನಗುತ್ತ ಇದ್ದಿ, ನಿನ್ನ ತಲೆಗೆ ಇದೇಕೆ ಅಂತಲೂ ಅನ್ನಿಸಿತು. ಸಳಿ ಕೊಟ್ಟುಬಿಟ್ಟರೆ ನನ್ನ ಕಟ್ಟೆಗೆ ಯಾರೂ ಬರುವುದಿಲ್ಲ. ಈ ಮಾತನ್ನು ಹೇಗೆ ಬರೆಯಬೇಕಿತ್ತು, ನೀನೇ ಹೇಳು.

ನೀನು ಹೊರಟ ದಿನದ ಮಾತು ಕೇಳಿದ್ದಿ. ನಾನು ಹಿಂದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ, ನನ್ನ ಸದ್ದು ನಿನಗೆ ಕೇಳಬಾರದು ಅಂತ. ನೀರಿನ ದಿನ ಅದು, ಬಕೆಟ್ ತುಂಬಿ ಹರಿದು ಹೋಗುತ್ತಿತ್ತು. ನಿನ್ನನ್ನು ಬಸ್ಸಿಗೆ ಹಾಕಿ ತಿರುಗಿ ಬಂದ ಮಾವನವರು ನೋಡಿದರು. ಒಂದು ಹನಿ ಚೆಲ್ಲಿದರೆ ಊಟ ಬಿಡುವ ಮನುಷ್ಯ. ಅಂದು ತಾವೇ ನಲ್ಲಿ ಮುಚ್ಚಿದರು. ‘ಕುಂದ್ರು, ಚಾ ಮಾಡ್ತೀನಿ’ ಅಂದರು. ಸೊಸೆಗೆ ಅವರು ಚಹಾ ಮಾಡಿಕೊಟ್ಟದ್ದು ಅದೊಂದೇ ಸಲ. ಸಕ್ಕರೆ ಹಾಕಲು ಮರೆತಿದ್ದರು. ನಾನು ಹೇಳಲಿಲ್ಲ.

ನಿನ್ನ ಹಾಸಿಗೆ ಅಟ್ಟಕ್ಕೆ ಹಾಕಿಲ್ಲ, ಮೊದಲಿನ ಜಾಗದಲ್ಲೇ ಇದೆ. ಸಳಿ ನಿನ್ನದೇ. ಬೇಕು ಅಂದರೆ ಬರೆ, ಬಟ್ಟೆ ಸುತ್ತಿ ಬಸ್ಸಿಗೆ ಹಾಕುತ್ತೇನೆ.

ರೂಪಾ ಮಾಮಿ

*

ಅಂಬಡ್, ನಾಶಿಕ್
16 ಫೆಬ್ರವರಿ 2025

ಪೂಜ್ಯ ರೂಪಾ ಮಾಮಿಯವರಿಗೆ ನಿಮ್ಮ ಭುವನಾಳ ಶರಣು ಶರಣು.

ಸಳಿ ಕಳಿಸಬೇಡಿರಿ. ಅದು ನಿಮ್ಮ ಕಿವಿಯ ಹತ್ತಿರವೇ ಇರಲಿ. ಮುತ್ಯಾ ಇದ್ದರೂ ಹಾಗೇ ಅನ್ನುತ್ತಿದ್ದ, ಓಣಿಯ ನೀರು ಬಿಟ್ಟು ಮೊಮ್ಮಗಳ ಖೋಲಿಗೆ ಸಳಿ ಯಾಕೆ ಅಂತ.

ನಾನೂ ನಿಮಗೆ ಎಲ್ಲ ಬರೆದಿರಲಿಲ್ಲ. ದಾನಮ್ಮ ಇಲ್ಲಿ ಇಲ್ಲ. ಮುತ್ಯಾ ತೀರುವುದಕ್ಕೆ ಮೊದಲೇ ಅವಳ ಮದುವೆಯಾಗಿ ಉದಗೀರಕ್ಕೆ ಹೋದಳು. ಖೋಲಿಯಲ್ಲಿ ನಾನು ಒಬ್ಬಳೇ. ಕಂಪನಿಯಲ್ಲಿ ಮಶೀನಿನ ಸದ್ದು, ಅಲ್ಲಿ ಮಾತು ಬೇಕಾಗುವುದಿಲ್ಲ. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಮುಗಿಯಿತು. ಕೆಲವು ದಿನ ನನ್ನ ದನಿ ನಾನೇ ಕೇಳಿರುವುದಿಲ್ಲ. ರವಿವಾರ ಪತ್ರ ಬರೆಯುವಾಗ ಒಂದೊಂದು ಸಾಲನ್ನೂ ಬಾಯಿಬಿಟ್ಟು ಹೇಳಿಕೊಂಡು ಬರೆಯುತ್ತೇನೆ. ಅದೇ ನನ್ನ ಮಾತು. ನೀವು ನಗುತ್ತ ಮಾಮಾನ ಜೊತೆ ಇದ್ದೀರಿ, ನಿಮಗೆ ಇದೇಕೆ ಅಂತ ನಾನು ಮುಚ್ಚಿಟ್ಟೆ. ನೀವು ನನ್ನ ಬಗ್ಗೆ ಹಾಗೇ ಅಂದುಕೊಂಡು ಮುಚ್ಚಿಟ್ಟಿರಿ.

ಸಕ್ಕರೆ ಇಲ್ಲದ ಚಹಾದ ಮಾತನ್ನು ಎರಡು ಸಲ ಓದಿದೆ. ಅಂದು ಸ್ಟ್ಯಾಂಡಿನಲ್ಲಿ ಬಸ್ಸು ಹೊರಟಾಗ ಮುತ್ಯಾ ಅದರ ತಗಡಿಗೆ ಅಂಗೈ ಹಚ್ಚಿ ಒಂದೆರಡು ಹೆಜ್ಜೆ ಜೊತೆಗೇ ನಡೆದ. ಪೈಪು ನೋಡುವ ಹಾಗೆ. ಈಗ ಮುಖ ನೋಡಲಿಲ್ಲ ಅನ್ನುವ ದುಃಖ ಬಂದಾಗ ನಾನು ಆ ಅಂಗೈಯನ್ನು ನೆನಸಿಕೊಳ್ಳುತ್ತೇನೆ.

ಜುಲೈನಲ್ಲಿ ಅವನ ವರ್ಷದ ಕಾರ್ಯಕ್ಕೆ ಮುಂಚಿನ ದಿನವೇ ಬರುತ್ತೇನೆ. ರಜೆ ಕೊಡದಿದ್ದರೆ ಕೇಳಿ ತೆಗೆದುಕೊಳ್ಳುತ್ತೇನೆ. ಆ ದಿನ ನೀರು ಇದ್ದರೆ ಮೊದಲು ನೀವು ಕೇಳಿರಿ, ಆಮೇಲೆ ಸಳಿ ನನಗೆ ಕೊಡಿರಿ. ಈರಮ್ಮನವರಿಗೆ ಹೇಳಿರಿ, ಡಬ್ಬಿ ನಾನು ತರುತ್ತೇನೆ ಅಂತ.

ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. ನನ್ನ ಹತ್ತಿರ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಬಾಗಿಲ ಪಕ್ಕದ ಪೈಪಿಗೆ ಹಚ್ಚಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದೆ. ಮೊದಲು ಏನೂ ಇರಲಿಲ್ಲ. ಅವಸರ ಮಾಡಲಿಲ್ಲ. ಆಮೇಲೆ ನೀವು ಬರೆದ ಹಾಗೇ, ಯಾರೋ ದೂರದಲ್ಲಿ ಉಸಿರು ಬಿಟ್ಟ ಹಾಗೆ ಬಂತು. ನಾನು ಎದ್ದು, ಇಷ್ಟು ದಿನ ಒಂದು ಮಾತೂ ಆಡದಿದ್ದ ಎದುರು ಖೋಲಿಯ ಹೆಣ್ಣುಮಗಳ ಬಾಗಿಲು ಬಡಿದೆ. ‘ಪಾಣಿ ಯೇತಯ್’, ನೀರು ಬರುತ್ತಿದೆ ಅಂತ ಮರಾಠಿಯಲ್ಲಿ ಅಂದೆ. ಅವಳು ನನ್ನ ಮುಖ ನೋಡಿದಳು, ನಲ್ಲಿಯ ಕಡೆ ನೋಡಿದಳು, ಮತ್ತೆ ಒಳಗೆ ಹೋಗಿ ಎರಡು ಕೊಡ ತಂದಳು. ಒಂದನ್ನು ತನ್ನ ಹತ್ತಿರ ಇಟ್ಟುಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ನಲ್ಲಿಯ ಕೆಳಗೆ ಇಡು ಅಂದಳು. ಇಟ್ಟೆ.

ನಿಮ್ಮ
ಭುವನಾ